ತಾತನ ಮನೆಯ ಇಟ್ಟಿಗೆ ಹೊಸ ಮನೆಗೆ ಆಗುತ್ತದೆಯೇ?

ಪ್ರಶ್ನೆ: ನಮ್ಮ ತಾತ 1930ರ ದಶಕದಲ್ಲಿ ಕಟ್ಟಿಸಿದ ಮನೆ ಮೈಸೂರಿನಲ್ಲಿದೆ. ತಾರಸಿ ಸೋರುತ್ತಿದೆ, ಕೆಲವು ತೊಲೆಗಳಿಗೆ ಗೆದ್ದಲು ಹಿಡಿದಿದೆ. ಅದನ್ನು ಕೆಡವಿ ಅದೇ ಜಾಗದಲ್ಲಿ ಹೊಸ ಮನೆ ಕಟ್ಟಬೇಕೆಂದಿದ್ದೇವೆ. ಹಳೇ ಇಟ್ಟಿಗೆಗಳನ್ನು ಹೊಸ ಮನೆಗೆ ಹಾಕಿಸಬೇಕು ಅಂತ ಅಮ್ಮನ ಆಸೆ. ‘ಹಳೇ ಇಟ್ಟಿಗೆಗೆ ಬಲ ಇರಲ್ಲ, ಜೆಸಿಬಿ ತರಿಸಿ ಒಂದೇ ದಿನದಲ್ಲಿ ಮುಗಿಸೋಣ’ ಅಂತಾರೆ ಮೇಸ್ತ್ರಿ. ಹಳೇ ಮನೆಯ ಸಾಮಾನು ಹೊಸ ಮನೆಗೆ ಬರಬಾರದು ಅನ್ನುತ್ತಾರೆ ದೊಡ್ಡಪ್ಪ. ಹಿಂದೆ ಯಾರಾದರೂ ಹೀಗೆ ಮಾಡಿದ್ದಾರಾ? ಈಗಲೂ ಮಾಡುತ್ತಾರಾ? ನಾವು ಏನು ಮಾಡಬೇಕು?

ಉತ್ತರ: ಮೊದಲು ಒಂದು ಸಣ್ಣ ಕೆಲಸ ಮಾಡಿ. ಮನೆಯ ಹಿಂದುಗಡೆ ಗಿಲಾವು ಉದುರಿದ ಗೋಡೆ ಎಲ್ಲಾದರೂ ಇದ್ದೇ ಇರುತ್ತದೆ. ಅಲ್ಲಿ ಎರಡು ಇಟ್ಟಿಗೆಗಳ ನಡುವಿನ ಸಂದಿಯನ್ನು ದಪ್ಪ ಮೊಳೆಯಿಂದ ಕೆರೆದು ನೋಡಿ. ಬಿಳಿ ಅಥವಾ ತಿಳಿಗೆಂಪು ಪುಡಿ ಉದುರಿದರೆ ಅದು ಸುಣ್ಣದ ಗಾರೆ. ಬರೀ ಮಣ್ಣು ಉದುರಿದರೆ ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆ. ಬೂದು ಬಣ್ಣವಿದ್ದು, ಮೊಳೆ ಸುಮ್ನೆ ಗೀರು ಎಳೆದು ಜಾರಿದರೆ ಸಿಮೆಂಟ್. 1930ರ ದಶಕದ ಮೈಸೂರು ಮನೆ ಅಂದರೆ ಮೊದಲ ಎರಡರಲ್ಲಿ ಒಂದಾಗಿರುವ ಸಂಭವವೇ ಜಾಸ್ತಿ. ಹಾಗಿದ್ದರೆ ನಿಮ್ಮ ಅಮ್ಮನವರ ಆಸೆ ನಡೆಯುತ್ತದೆ.

ಇಟ್ಟಿಗೆ ಬಗ್ಗೆ ಕೇಳಿದರೆ ಗಾರೆ ಬಗ್ಗೆ ಹೇಳುತ್ತಿದ್ದಾರಲ್ಲ ಅನ್ನಿಸಬಹುದು. ಇಪ್ಪತ್ತೈದು ವರ್ಷ ಹಳೇ ಮನೆಗಳಲ್ಲಿ ಕೆಲಸ ಮಾಡಿ ನಾನು ಕಲಿತದ್ದು ಇದನ್ನೇ. ಚೆನ್ನಾಗಿ ಬೆಂದ ಇಟ್ಟಿಗೆ ನೂರಾರು ವರ್ಷ ಬಾಳುತ್ತದೆ. ಅದು ಇನ್ನೊಂದು ಮನೆ ಸೇರುತ್ತದೋ, ಚೂರಾಗಿ ಹಳ್ಳ ಸೇರುತ್ತದೋ ಅನ್ನುವುದು ಅದನ್ನು ಹಿಡಿದಿರುವ ಗಾರೆಯ ಮೇಲಿದೆ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆದು. ಏಟು ಬಿದ್ದಾಗ ಗಾರೆ ಬಿಟ್ಟುಕೊಡುತ್ತದೆ, ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಸಿಮೆಂಟ್ ಗಾರೆ ನಮ್ಮ ಕಡೆಯ ಇಟ್ಟಿಗೆಗಿಂತ ಎಷ್ಟೋ ಸಲ ಗಟ್ಟಿ. ಏಟು ಬಿದ್ದಾಗ ಇಟ್ಟಿಗೆಯೇ ಒಡೆಯುತ್ತದೆ. ಹಳೇ ಇಟ್ಟಿಗೆಯ ಚರಿತ್ರೆ ನೋಡುತ್ತಾ ಹೋದರೆ ಈ ಮಾತು ಮತ್ತೆ ಮತ್ತೆ ಕಾಣುತ್ತದೆ.

ಹಿಂದೆ ಮಾಡಿದ್ದಾರಾ ಅಂದಿರಿ. ಬಹಳ ದೊಡ್ಡ ಮಟ್ಟದಲ್ಲೇ ಮಾಡಿದ್ದಾರೆ. ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಊರಿನ ಚರ್ಚು. ರೋಮನ್ನರು ಸುಮಾರು ಕ್ರಿ.ಶ. 410ರ ಹೊತ್ತಿಗೆ ಬ್ರಿಟನ್ ಬಿಟ್ಟು ಹೋದರು. ಇಟ್ಟಿಗೆ ಸುಡುವ ಕಸುಬೂ ಅವರ ಹಿಂದೆಯೇ ಹೋಯಿತು. ಮುಂದೆ ಏಳು ನೂರು ವರ್ಷ ಆ ನಾಡಿನಲ್ಲಿ ಇಟ್ಟಿಗೆ ಗೂಡು ಇರಲೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಸೇಂಟ್ ಆಲ್ಬನ್ಸ್ ಪಕ್ಕದಲ್ಲೇ ವೆರುಲೇಮಿಯಂ ಎಂಬ ರೋಮನ್ ಪಟ್ಟಣ ಪಾಳುಬಿದ್ದಿತ್ತು. ಅಲ್ಲಿನ ಮಠದ ಇಬ್ಬರು ಮುಖ್ಯಸ್ಥರು, ಒಬ್ಬರಾದ ಮೇಲೆ ಒಬ್ಬರು, ಆ ಪಾಳಿನಿಂದ ಇಟ್ಟಿಗೆ ತೆಗೆಸಿ ಕೂಡಿಟ್ಟರು. 1077ರಲ್ಲಿ ಮಠಕ್ಕೆ ಬಂದ ಪಾಲ್ ಎಂಬ ಮುಖ್ಯಸ್ಥ ಆ ರಾಶಿಯಿಂದಲೇ ಹೊಸ ಚರ್ಚು ಕಟ್ಟಿಸತೊಡಗಿದ. ನಡುವಿನ ಗೋಪುರ 44 ಮೀಟರ್ ಎತ್ತರ, ಕಟ್ಟಿರುವುದು ಆ ಚಪ್ಪಟೆ ರೋಮನ್ ಇಟ್ಟಿಗೆಯಲ್ಲಿ. ಇವತ್ತಿಗೂ ನಿಂತಿದೆ. ಎರಡನೇ ಸಲ ಗೋಡೆ ಸೇರಿದ ಮೇಲೆಯೇ ಆ ಇಟ್ಟಿಗೆಗಳು ಒಂಬೈನೂರು ವರ್ಷದ ಮಳೆ, ಹಿಮ ತಡೆದಿವೆ. ಬಲದ ಬಗ್ಗೆ ಅನುಮಾನಪಡುವ ಮೇಸ್ತ್ರಿಯವರಿಗೆ ಈ ಗೋಪುರದ ಚಿತ್ರ ತೋರಿಸಿ.

ಇರಾಕಿನಲ್ಲಿ ಇನ್ನೂ ಹಳೆಯ ಕಥೆ ಇದೆ. ಬ್ಯಾಬಿಲೋನಿನ ದೊರೆ ನೆಬುಕದ್ನೆಜರ್ ತನ್ನ ಹೆಸರಿನ ಮುದ್ರೆ ಒತ್ತಿಸಿ ಸುಡಿಸಿದ ಇಟ್ಟಿಗೆಗಳು ಪಕ್ಕದ ಹಿಲ್ಲಾ ಪಟ್ಟಣದ ಮನೆಗಳ ಗೋಡೆ ಸೇರಿದವು. ಎರಡೂವರೆ ಸಾವಿರ ವರ್ಷದ ಹಿಂದಿನ ದೊರೆಯ ಹೆಸರು ಸಾಮಾನ್ಯರ ಅಂಗಳದಲ್ಲಿ!

ನಮ್ಮ ಕಡೆಯ ಚರಿತ್ರೆ ಮಾತ್ರ ಸಂಕಟದ್ದು. ಕಾಶಿಯ ರಾಜ ಚೇತ್ ಸಿಂಗ್‌ನ ದಿವಾನನಾಗಿದ್ದ ಜಗತ್ ಸಿಂಗ್ 1794ರಲ್ಲಿ ಸಾರನಾಥದ ಧರ್ಮರಾಜಿಕ ಎಂಬ ಬೌದ್ಧ ಸ್ತೂಪವನ್ನು ಬಿಚ್ಚಿಸಿದ. ಕಾಶಿಯಲ್ಲಿ ಜಗತ್‌ಗಂಜ್ ಎಂಬ ಪೇಟೆ ಕಟ್ಟಲು ಅವನಿಗೆ ಇಟ್ಟಿಗೆ ಬೇಕಾಗಿತ್ತು. ಕೆಲಸದವರಿಗೆ ಒಳಗೆ ಅಸ್ಥಿ ಇದ್ದ ಕರಂಡಕ ಸಿಕ್ಕಿತು. ಆ ಅಸ್ಥಿಯನ್ನು ಗಂಗೆಗೆ ಬಿಟ್ಟರು. ಇವತ್ತು ಅಲ್ಲಿ ಸ್ತೂಪದ ತಳ ಮಾತ್ರ ಉಳಿದಿದೆ. 1850ರ ದಶಕದಲ್ಲಿ ಲಾಹೋರ್–ಮುಲ್ತಾನ್ ರೈಲು ಹಾದಿ ಹಾಕುವಾಗ ಹರಪ್ಪದ ದಿಬ್ಬ ಅಗೆದು ಇಟ್ಟಿಗೆ ಸಾಗಿಸಿದರು. ಸುಮಾರು 100 ಮೈಲಿ ಹಳಿಯ ಕೆಳಗೆ ಹಾಸುವಷ್ಟು ಇಟ್ಟಿಗೆ ಅಲ್ಲಿಂದ ಹೋಯಿತು ಎಂದು ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಬರೆದಿದ್ದಾರೆ. ಅದು ಸಿಂಧೂ ನಾಗರಿಕತೆಯ ಊರು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಸರಿಯಾದ ಉತ್ಖನನ ಶುರುವಾಗಿದ್ದೇ 1921ರಲ್ಲಿ. ಆ ಇಟ್ಟಿಗೆಗಳ ದಪ್ಪ, ಅಗಲ, ಉದ್ದ 1:2:4 ಅಳತೆಯಲ್ಲಿದ್ದವು. ನಾಲ್ಕು ಸಾವಿರ ವರ್ಷದ ನಂತರವೂ ರೈಲಿನ ಭಾರ ಹೊರುವಷ್ಟು ಗಟ್ಟಿಯಾಗಿದ್ದವು. ಅದೇ ಗಟ್ಟಿತನ ಆ ಊರಿಗೆ ಮುಳುವಾಯಿತು.

ಈ ಎರಡು ಸಂಗತಿ ಹೇಳಿದ್ದಕ್ಕೆ ಕಾರಣ ಇದೆ. ಇಟ್ಟಿಗೆ ಸಿಗುತ್ತದೆ ಅನ್ನುವುದು ಕಟ್ಟಡ ಕೆಡವಲು ಕಾರಣ ಆಗಬಾರದು. ನಿಮ್ಮ ಮನೆಯನ್ನು ಕೆಡವಲೇಬೇಕಾ? ನೀವು ಹೇಳಿದ್ದನ್ನು ನೋಡಿದರೆ ಅದು ಮದ್ರಾಸ್ ತಾರಸಿ ಇರಬೇಕು: ಮರದ ತೊಲೆ, ಅದರ ಮೇಲೆ ಅಡ್ಡಡ್ಡ ನಿಲ್ಲಿಸಿದ ಪುಟ್ಟ ಇಟ್ಟಿಗೆ, ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಕಾಂಕ್ರೀಟು. ಅಂಥ ತಾರಸಿಯಲ್ಲಿ ಗೆದ್ದಲು ತಿಂದ ತೊಲೆಯನ್ನಷ್ಟೇ ಬದಲಿಸಲು ಬರುತ್ತದೆ. ಸೋರುವ ಮೇಲ್ಪದರ ತೆಗೆದು ಹೊಸದು ಹಾಕಲೂ ಬರುತ್ತದೆ. ಗೋಡೆ ನೆಟ್ಟಗಿದ್ದು, ದೊಡ್ಡ ಬಿರುಕು ಇಲ್ಲದಿದ್ದರೆ ಹಳೇ ಕಟ್ಟಡ ಬಲ್ಲ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಗೋಡೆಯಲ್ಲೇ ಉಳಿದ ಇಟ್ಟಿಗೆಗಿಂತ ಚೆನ್ನಾಗಿ ಬಳಕೆಯಾದ ಇಟ್ಟಿಗೆ ಇಲ್ಲ. ಮನೆಮಂದಿ ಹೆಚ್ಚಾಗಿದ್ದಾರೆ, ಜಾಗ ಸಾಲದು ಅಂತಿದ್ದರೆ ಅದು ಬೇರೆ ಮಾತು. ಕೆಡವುವುದು ಖಚಿತ ಅಂತಲೇ ಇಟ್ಟುಕೊಂಡು ಮುಂದೆ ಹೇಳುತ್ತೇನೆ.

ಎರಡನೇ ಮಹಾಯುದ್ಧ ಮುಗಿದಾಗ ಜರ್ಮನಿಯ ನಗರಗಳು ಇಟ್ಟಿಗೆ ಗುಡ್ಡೆಗಳಾಗಿದ್ದವು. ಬರ್ಲಿನ್ನಿನಲ್ಲಿ ಸಾವಿರಾರು ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿದರು. ಸಣ್ಣ ಸುತ್ತಿಗೆಯಿಂದ ಗಾರೆ ಕುಟ್ಟಿ ತೆಗೆದು ಪೇರಿಸಿಟ್ಟರು. ಮ್ಯೂನಿಕ್‌ನಲ್ಲಿ ಆಲ್ಟೆ ಪಿನಾಕೊಥೆಕ್ ಎಂಬ ಚಿತ್ರಕಲಾ ಸಂಗ್ರಹಾಲಯ ಬಾಂಬಿಗೆ ಸಿಕ್ಕು ನಡುವೆ ದೊಡ್ಡ ಕಂಡಿ ಬಿದ್ದಿತ್ತು. ವಾಸ್ತುಶಿಲ್ಪಿ ಹಾನ್ಸ್ ಡೋಲ್‌ಗಾಸ್ಟ್ 1950ರ ದಶಕದಲ್ಲಿ ಆ ಕಂಡಿಯನ್ನು ಅವಶೇಷದಿಂದ ಆಯ್ದ ಇಟ್ಟಿಗೆಗಳಿಂದಲೇ ತುಂಬಿಸಿದರು. ಗಿಲಾವು ಮಾಡಿ ಮುಚ್ಚಲಿಲ್ಲ. ಗಾಯ ಎಲ್ಲಿ ಆಗಿತ್ತು, ಎಲ್ಲಿ ಮಾಯಿತು ಅನ್ನುವುದು ಇವತ್ತಿಗೂ ಕಾಣುತ್ತದೆ. 2009ರಲ್ಲಿ ಮತ್ತೆ ತೆರೆದ ಬರ್ಲಿನ್ನಿನ ನೋಯೆಸ್ ಮ್ಯೂಸಿಯಂ ಕೂಡ ಹಾಗೆಯೇ. ವಾಸ್ತುಶಿಲ್ಪಿ ಡೇವಿಡ್ ಚಿಪ್ಪರ್‌ಫೀಲ್ಡ್ ಅದರ ಬಿದ್ದುಹೋದ ಭಾಗಗಳನ್ನು ಕೈಯಲ್ಲಿ ಮಾಡಿದ ಹಳೇ ಇಟ್ಟಿಗೆಗಳಿಂದ ಎಬ್ಬಿಸಿದರು. ಇವೆಲ್ಲ ಸಾಧ್ಯವಾಗಿದ್ದು ಆ ಗೋಡೆಗಳು ಹೆಚ್ಚಾಗಿ ಸುಣ್ಣದ ಗಾರೆಯವಾಗಿದ್ದರಿಂದ. ಆ ಹೆಂಗಸರ ಕೈಯಲ್ಲಿದ್ದದ್ದು ಒಂದು ಸುತ್ತಿಗೆ ಮಾತ್ರ, ಅಲ್ವಾ?

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅದು ಸಾಮಾನ್ಯ ಮನೆಯ ಗಾರೆಗೆ ಬರಲು ಬಹಳ ಕಾಲ ಹಿಡಿಯಿತು. ಬಂದ ಮೇಲೆ ಇಟ್ಟಿಗೆ ಬಿಡಿಸುವುದೇ ಕಷ್ಟವಾಯಿತು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಲೆಂಡೇಗರ್ ಎಂಬ ವಾಸ್ತುಶಿಲ್ಪಿಗಳ ಸಂಸ್ಥೆ ಕಟ್ಟಿದ ‘ರಿಸೋರ್ಸ್ ರೋಸ್’ ವಸತಿ ಸಮುಚ್ಚಯದಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಹಳೇ ಕಟ್ಟಡ ಮುಂತಾದವುಗಳ ಗೋಡೆಯಲ್ಲಿ ಇಟ್ಟಿಗೆ ಬಿಡಿಬಿಡಿಯಾಗಿ ಬರುತ್ತಿರಲಿಲ್ಲ. ಅದಕ್ಕೆ ಗೋಡೆಯನ್ನೇ ಸುಮಾರು ಒಂದು ಮೀಟರ್ ಚೌಕದ ಹಲಗೆಗಳಾಗಿ ಕೊಯ್ದು ತಂದರು. ಅವನ್ನು ಹೊಸ ಮನೆಗಳ ಮುಖಕ್ಕೆ ಜೋಡಿಸಿದರು. ನೋಡಲು ಬಣ್ಣ ಬಣ್ಣದ ಕೌದಿಯ ಹಾಗಿದೆ. ಸುಣ್ಣದ ಗಾರೆಯ ಇಟ್ಟಿಗೆಗಾದರೆ ಅದೇ ದೇಶದಲ್ಲಿ ಅದುರಿಸಿ ಗಾರೆ ಕಳಚುವ ಯಂತ್ರಗಳೇ ಇವೆ. ಕೊಯ್ಯುವುದಕ್ಕೆ ದೊಡ್ಡ ಗರಗಸ, ಕ್ರೇನು, ಹಣ ಎಲ್ಲ ಬೇಕು. ಮೈಸೂರಿನ ಒಂದು ಮನೆಗೆ ಅದು ಆಗುವ ಮಾತಲ್ಲ.

ಚೀನಾದ ನಿಂಗ್ಬೋ ಇತಿಹಾಸ ಸಂಗ್ರಹಾಲಯ ನಮಗೆ ಹೆಚ್ಚು ಹತ್ತಿರದ ಪಾಠ. 2008ರಲ್ಲಿ ತೆರೆದ ಆ ಕಟ್ಟಡವನ್ನು ವಾಸ್ತುಶಿಲ್ಪಿಗಳಾದ ವಾಂಗ್ ಶು ಮತ್ತು ಲು ವೆನ್‌ಯು ದಂಪತಿ ರೂಪಿಸಿದರು. ಹೊಸ ಬಡಾವಣೆಗಾಗಿ ಸುತ್ತಲಿನ ಹಳ್ಳಿಗಳನ್ನು ಕೆಡವಿದಾಗ ಬಂದ ಇಟ್ಟಿಗೆ, ಹಂಚುಗಳನ್ನು ಅದರ ಗೋಡೆಗೆ ಸೇರಿಸಿದರು. ಆ ಸೀಮೆಯಲ್ಲಿ ಚಂಡಮಾರುತ ಜಾಸ್ತಿ. ಮನೆ ಬಿದ್ದಾಗ ಕೈಗೆ ಸಿಕ್ಕ ಚೂರುಪಾರುಗಳನ್ನೇ ಪೇರಿಸಿ ಬೇಗ ಗೋಡೆ ಎಬ್ಬಿಸುವ ಕಲೆ ಅಲ್ಲಿನವರಿಗೆ ಮೊದಲಿಂದ ಬರುತ್ತಿತ್ತು. ‘ವಾಪಾನ್’ ಅಂತ ಅದರ ಹೆಸರು. ವಾಂಗ್ ಶು ಆ ಕುಶಲಕರ್ಮಿಗಳನ್ನೇ ಕರೆಸಿದರು. ಯಾವ ಗಾತ್ರದ ಇಟ್ಟಿಗೆ ಎಲ್ಲಿ ಕೂರಬೇಕು ಅನ್ನುವುದನ್ನು ಬಹಳಷ್ಟು ಅವರ ಕೈಗೇ ಬಿಟ್ಟರು. 2012ರಲ್ಲಿ ವಾಂಗ್ ಶು ಅವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂತು. ಹಳೇ ಸಾಮಾನಿನ ಕೆಲಸದಲ್ಲಿ ನಕ್ಷೆಗಿಂತ ಕಟ್ಟುವವರ ಕೈ ಮುಖ್ಯ. ನೀವು ಮೇಸ್ತ್ರಿಯವರನ್ನು ಒಪ್ಪಿಸಲೇಬೇಕಾದ್ದು ಅದಕ್ಕೇ. ಮನಸ್ಸಿಲ್ಲದ ಮೇಸ್ತ್ರಿ ಕೈಯಲ್ಲಿ ಒಳ್ಳೇ ಇಟ್ಟಿಗೆಯೂ ಕೆಡುತ್ತದೆ.

ನಮ್ಮ ನೆರೆಯ ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಜೀವನವಿಡೀ ಇದನ್ನು ಮಾಡಿ ತೋರಿಸಿದರು. ಕೆಡವಿದ ಮನೆಗಳ ಬಾಗಿಲು, ಕಿಟಕಿ, ಹಂಚು ಎಲ್ಲವೂ ಅವರ ಮನೆಗಳಲ್ಲಿ ಮತ್ತೆ ಜಾಗ ಪಡೆದವು. ಇಟ್ಟಿಗೆಯನ್ನು ಮಗ್ಗುಲ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ‘ರ‍್ಯಾಟ್ ಟ್ರ್ಯಾಪ್’ ಜೋಡಣೆಯನ್ನು ಅವರು ಬಳಕೆಗೆ ತಂದರು. ಅದರಲ್ಲಿ ಸುಮಾರು 25% ಇಟ್ಟಿಗೆ ಉಳಿಯುತ್ತದೆ. ನಿಮ್ಮಲ್ಲಿ ಇಡೀ ಇಟ್ಟಿಗೆ ಕಡಿಮೆ ಸಿಕ್ಕರೆ ಈ ಜೋಡಣೆ ನೆನಪಿಡಿ. ಆದರೆ ಇದಕ್ಕೆ ಅಂಚು ಸರಿಯಿರುವ, ಒಂದೇ ಅಳತೆಯ ಇಟ್ಟಿಗೆ ಬೇಕು.

ಇಷ್ಟೆಲ್ಲ ಕಷ್ಟ ಯಾಕೆ, ಹೊಸದು ತಂದರಾಯಿತಲ್ಲ ಅನ್ನುವವರಿಗೆ ಒಂದು ಲೆಕ್ಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಳೆದ ಪ್ರಕಾರ ಒಂದು ಇಟ್ಟಿಗೆ ಸುಡಲು ಸುಮಾರು 200 ಗ್ರಾಂ ಕಲ್ಲಿದ್ದಲು ಬೇಕು. ಸೌದೆಯಾದರೆ 250ರಿಂದ 300 ಗ್ರಾಂ. ನಿಮ್ಮ ಮನೆಯಿಂದ 10,000 ಇಟ್ಟಿಗೆ ಇಡಿಯಾಗಿ ಬಂದರೆ ಎರಡೂವರೆಯಿಂದ ಮೂರು ಟನ್ ಸೌದೆ ಉಳಿದ ಹಾಗೆ. ಇಟ್ಟಿಗೆಗೆ ಹೋಗುವ ಮಣ್ಣು ಯಾವುದೋ ಕೆರೆಯಂಗಳದ್ದೋ ಹೊಲದ ಮೇಲ್ಮಣ್ಣೋ ಆಗಿರುತ್ತದೆ. ಅದೂ ಉಳಿಯುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ಕಟ್ಟಡ ತ್ಯಾಜ್ಯಕ್ಕೇ ಬೇರೆ ನಿಯಮ ತಂದಿತು. ದಿನಕ್ಕೆ 20 ಟನ್‌ಗಿಂತ ಜಾಸ್ತಿ ತ್ಯಾಜ್ಯ ಬರುವ ಕಡೆ ಇಟ್ಟಿಗೆ, ಕಾಂಕ್ರೀಟು, ಮರ, ಕಬ್ಬಿಣಗಳನ್ನು ಬೇರೆ ಬೇರೆ ಮಾಡಬೇಕು ಅಂತ ಅದು ಹೇಳಿತ್ತು. ಒಂದು ಮನೆಯನ್ನು ಜೆಸಿಬಿಯಲ್ಲಿ ಒಂದೇ ದಿನ ಕೆಡವಿದರೆ ಆ ಅಳತೆ ಸುಲಭವಾಗಿ ದಾಟುತ್ತದೆ.

ಈಗ ಕೆಲಸಕ್ಕೆ ಬರೋಣ. ಗೋಡೆಗೆ ಜೆಸಿಬಿ ಬೇಡ. ಮನೆ ಕಟ್ಟಿದ ಕ್ರಮವನ್ನು ತಿರುಗುಮುರುಗಾಗಿ ಬಿಚ್ಚುತ್ತಾ ಬನ್ನಿ. ಮೊದಲು ಬಾಗಿಲು, ಕಿಟಕಿ, ವೈರು. ಆಮೇಲೆ ತಾರಸಿ. ಮದ್ರಾಸ್ ತಾರಸಿಯ ಪುಟ್ಟ ಇಟ್ಟಿಗೆಗಳನ್ನು ಬಿಸಾಡಲು ಬಿಡಬೇಡಿ. 6 ಇಂಚು ಉದ್ದ, 3 ಇಂಚು ಅಗಲ, 1 ಇಂಚು ದಪ್ಪದ ಅವು ಜಗಲಿಗೆ, ಅಂಗಳಕ್ಕೆ ಹಾಸಲು ಬಹಳ ಚೆಂದ. ತಾರಸಿ ಹೋದ ಮೇಲೆ ಗೋಡೆಯನ್ನು ಮೇಲಿನಿಂದ ಒಂದೊಂದೇ ವರಸೆ ಇಳಿಸಬೇಕು. ಎತ್ತರದಿಂದ ಎಸೆಯಬಾರದು, ಹಲಗೆ ಮೇಲೆ ಜಾರಿಸಬೇಕು. ಧೂಳು ಏಳದಂತೆ ನೀರು ಚಿಮುಕಿಸುತ್ತಿರಲಿ. ಕೆಲಸದವರಿಗೆ ಒಳ್ಳೇ ಮಾಸ್ಕ್ ನೀವೇ ತಂದುಕೊಡಿ. ಇಟ್ಟಿಗೆಯ ನುಣುಪಾದ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹಿತ್ತಿಲಲ್ಲಿ ಕಲ್ನಾರಿನ ಶೀಟು ಇದ್ದರೆ ಒಡೆಯದೆ ಇಡಿಯಾಗಿ ಇಳಿಸಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಬಣ್ಣ ಹತ್ತಿದ ಇಟ್ಟಿಗೆಯನ್ನು ಉಜ್ಜಲು, ಸುಡಲು ಹೋಗಬೇಡಿ.

ಗಾರೆ ಬಿಡಿಸಲು ಚಪ್ಪಟೆ ಉಳಿ, ಸಣ್ಣ ಸುತ್ತಿಗೆ ಸಾಕು. ಎಷ್ಟೋ ಕಡೆ ಕರಣೆಯ ಅಂಚಿನಲ್ಲೇ ಬಿಟ್ಟು ಬರುತ್ತದೆ. ಬೇಗ ಆಗಲಿ ಅಂತ ಆಸಿಡ್ ಹಾಕಬೇಡಿ. ಅದು ಸುಣ್ಣವನ್ನು ಕರಗಿಸುತ್ತದೆ ನಿಜ, ಆದರೆ ಇಟ್ಟಿಗೆಯೊಳಗೆ ಉಪ್ಪು ಉಳಿಸುತ್ತದೆ. ಮರಳು ಚಿಮ್ಮಿಸಿ ಉಜ್ಜುವ ಯಂತ್ರವೂ ಬೇಡ. ಸುಟ್ಟಾಗ ಇಟ್ಟಿಗೆಗೆ ಒಂದು ಗಟ್ಟಿ ಹೊರಪದರ ಬಂದಿರುತ್ತದೆ. ಅದು ಹೋದರೆ ಒಳಗಿನ ಮೆದು ಭಾಗ ಮಳೆಗೆ ಸಿಗುತ್ತದೆ. ಅಲ್ಲಲ್ಲಿ ಸ್ವಲ್ಪ ಸುಣ್ಣ ಅಂಟಿಕೊಂಡಿದ್ದರೆ ಇರಲಿ ಬಿಡಿ.

ಇನ್ನು ವಿಂಗಡಣೆ. ಇದರಲ್ಲಿ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತೇನೆ. ಕೆಲಸದ ಆರಂಭದ ವರ್ಷಗಳಲ್ಲಿ ಒಂದು ಹಳೇ ಮನೆಯ ಇಟ್ಟಿಗೆಯನ್ನೆಲ್ಲ ಒಂದೇ ರಾಶಿ ಹಾಕಿಸಿ, ಅದರಲ್ಲಿ ಕಾಂಪೌಂಡ್ ಗೋಡೆ ಕಟ್ಟಿಸಿದೆ. ಗಿಲಾವು ಮಾಡಿಸಲಿಲ್ಲ. ಮೂರನೇ ಮಳೆಗಾಲದ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಇಟ್ಟಿಗೆ ಪದರ ಪದರವಾಗಿ ಉದುರಿ ಗೋಡೆಯಲ್ಲಿ ಗುಳಿ ಬಿತ್ತು. ಪಕ್ಕದ ಇಟ್ಟಿಗೆಗೆ ಏನೂ ಆಗಿರಲಿಲ್ಲ. ಯಾಕೆ ಅಂತ ಆಮೇಲೆ ತಿಳಿಯಿತು. ನಾಟಿ ಗೂಡಿನಲ್ಲಿ ಎಲ್ಲ ಇಟ್ಟಿಗೆಯೂ ಒಂದೇ ಸಮ ಬೇಯುವುದಿಲ್ಲ. ಬೆಂಕಿಗೆ ಹತ್ತಿರವಿದ್ದವು ಚೆನ್ನಾಗಿ ಬೇಯುತ್ತವೆ. ಅಂಚಿನಲ್ಲಿದ್ದವು ಅರೆಬೆಂದಿರುತ್ತವೆ. ಹಿಂದಿನ ಮೇಸ್ತ್ರಿಗಳು ಇದನ್ನು ಬಲ್ಲವರು. ಚೆನ್ನಾಗಿ ಬೆಂದದ್ದನ್ನು ಹೊರಮುಖಕ್ಕೆ, ಮೆದುವಾದದ್ದನ್ನು ಗೋಡೆಯ ಒಳಮುಖಕ್ಕೆ ಇಡುತ್ತಿದ್ದರು. ಒಳಗಿನದು ಗಿಲಾವಿನ ಮರೆಯಲ್ಲಿ ನೆನೆಯದೆ ಕ್ಷೇಮವಾಗಿ ಇರುತ್ತಿತ್ತು. ನಾನು ಎರಡನ್ನೂ ಬೆರೆಸಿ ಮಳೆಗೆ ನಿಲ್ಲಿಸಿದ್ದೆ. ಅವರ ಜಾಣ್ಮೆಯನ್ನು ನಾನು ಕೆಡಿಸಿದೆ ಅಂತ ಇವತ್ತಿಗೂ ಬೇಸರ ಇದೆ.

ಹಾಗಾಗಿ ಹೊರಗೋಡೆಯ ಹೊರಮುಖದ ಇಟ್ಟಿಗೆ ಒಂದು ರಾಶಿ, ಒಳಗಿನದು ಇನ್ನೊಂದು ರಾಶಿ ಹಾಕಿಸಿ. ಪಾಯದ ಹತ್ತಿರದ, ನೆಲದ ತೇವ ಹೀರಿದ ಇಟ್ಟಿಗೆ ಬೇರೆ ಇರಲಿ. ಬಚ್ಚಲು, ಕೊಟ್ಟಿಗೆ, ಅಡುಗೆಮನೆಯ ಹೊಗೆಗೂಡಿನ ಇಟ್ಟಿಗೆಯನ್ನು ಅಡಿಗಡಿಗೆ ಉಪ್ಪು, ಮಸಿ ಕುಡಿದಿರುತ್ತದೆ ಅಂತ ತಿಳಿದು ಗೋಡೆಗೆ ಬಳಸದಿರುವುದೇ ವಾಸಿ. ಪ್ರತಿ ರಾಶಿಯಲ್ಲೂ ಕೈಗೆ ಬಂದ ಹಾಗೆ ಕೆಲವನ್ನು ಎತ್ತಿ ನೋಡಿ. ಎರಡನ್ನು ಒಂದಕ್ಕೊಂದು ಬಡಿದರೆ ‘ಠಣ್’ ಅನ್ನಬೇಕು. ‘ಥಪ್’ ಅಂದರೆ ಮೆದು ಅಥವಾ ಒಳಗೆ ಬಿರುಕಿದೆ. ಉಗುರಿನಿಂದ ಕೆರೆದರೆ ಗುರುತು ಬೀಳಬಾರದು. ಒಣಗಿದ ಇಟ್ಟಿಗೆ ತೂಗಿ, ಒಂದು ರಾತ್ರಿ ಒಂದು ಹಗಲು ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. 3 ಕೆಜಿ ಇದ್ದದ್ದು 3 ಕೆಜಿ 600 ಗ್ರಾಂ ದಾಟಬಾರದು. ಐಎಸ್ 1077 ಎಂಬ ಭಾರತೀಯ ಮಾನಕ ಸಾಮಾನ್ಯ ಇಟ್ಟಿಗೆಗೆ ಹೇಳುವ 20% ಮಿತಿ ಇದೇ. ಉಪ್ಪು ನೋಡಲು ಅಗಲ ತಟ್ಟೆಯಲ್ಲಿ ಒಂದು ಇಂಚು ಡಿಸ್ಟಿಲ್ಡ್ ವಾಟರ್ ಹಾಕಿ ಇಟ್ಟಿಗೆಯನ್ನು ಲಂಬವಾಗಿ ನಿಲ್ಲಿಸಿ. ನೀರು ಆರಿದ ಮೇಲೆ ಇನ್ನೊಮ್ಮೆ ಹಾಕಿ, ಅದೂ ಆರಲಿ. ಅರ್ಧಕ್ಕಿಂತ ಜಾಸ್ತಿ ಭಾಗಕ್ಕೆ ಬಿಳಿ ಉಪ್ಪು ಹತ್ತಿದರೆ ಆ ರಾಶಿ ಗೋಡೆಗೆ ಬೇಡ.

ಬಲ ಮಾತ್ರ ಮನೆಯಲ್ಲಿ ಅಳೆಯಲು ಬರುವುದಿಲ್ಲ. ಸಿವಿಲ್ ವಿಭಾಗ ಇರುವ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶುಲ್ಕ ಕಟ್ಟಿದರೆ ಪರೀಕ್ಷೆ ಮಾಡಿಕೊಡುತ್ತಾರೆ. ಪ್ರತಿ ರಾಶಿಯಿಂದ ಐದು ಇಟ್ಟಿಗೆ ಬೇಕಾಗುತ್ತದೆ. ಮಾನಕದ ಕನಿಷ್ಠ ಬಲ ಒಂದು ಚದರ ಮಿಲಿಮೀಟರಿಗೆ 3.5 ನ್ಯೂಟನ್. ಮೇಸ್ತ್ರಿ ಭಾಷೆಯಲ್ಲಿ ಹೇಳುವುದಾದರೆ, 9 ಇಂಚು ಉದ್ದ, 4.5 ಇಂಚು ಅಗಲದ ಒಂದು ಇಟ್ಟಿಗೆ ಸುಮಾರು 9 ಟನ್ ಭಾರಕ್ಕೆ ಒಡೆಯದೆ ನಿಲ್ಲಬೇಕು.

ನಿಮ್ಮ ಹೊಸ ಮನೆ ಕಾಂಕ್ರೀಟ್ ಕಂಬ, ಬೀಮುಗಳ ಮೇಲೆ ನಿಲ್ಲುವುದಾದರೆ ಯೋಚನೆ ಕಡಿಮೆ. ಗೋಡೆ ತನ್ನ ಭಾರ ತಾನು ಹೊತ್ತರೆ ಸಾಕು. ಪರೀಕ್ಷೆ ಪಾಸಾದ ಹಳೇ ಇಟ್ಟಿಗೆಯಲ್ಲಿ ಒಳಗೋಡೆ, ಜಗಲಿ, ಕಿಟಕಿ ಕಮಾನು, ಜಾಲಂಧ್ರ ಎಲ್ಲವನ್ನೂ ಕಟ್ಟಿಸಬಹುದು. ಗೋಡೆಯೇ ಮಾಳಿಗೆ ಹೊರುವುದಾದರೆ ಪ್ರಯೋಗಾಲಯದ ವರದಿಯನ್ನು ಎಂಜಿನಿಯರ್ ಕೈಗೆ ಕೊಟ್ಟು, ಅವರು ಲೆಕ್ಕ ಮಾಡಿ ಒಪ್ಪಿದ ಮೇಲೆ ಮಾತ್ರ ಮುಂದೆ ಹೋಗಿ. ನೀರಿನ ಸಂಪಿಗೆ, ಪಾಯಕ್ಕೆ, ಬಚ್ಚಲಿಗೆ ಹಳೇ ಇಟ್ಟಿಗೆ ಬೇಡ. ಅಳತೆಯ ವಿಷಯವನ್ನು ನಕ್ಷೆ ಮಾಡುವವರಿಗೆ ಈಗಲೇ ಹೇಳಿ. ಹಳೇ ಇಟ್ಟಿಗೆಯ ದಪ್ಪ ಇವತ್ತಿನದಕ್ಕೆ ಹೊಂದದೇ ಇರಬಹುದು. ಒಂದೇ ವರಸೆಯಲ್ಲಿ ಹಳತು, ಹೊಸದು ಬೆರೆಸಿದರೆ ಗೋಡೆ ಮಟ್ಟ ತಪ್ಪುತ್ತದೆ. ಅದಕ್ಕೇ ಒಂದು ಕೋಣೆಯನ್ನೋ ಒಂದು ಗೋಡೆಯನ್ನೋ ಪೂರ್ತಿ ಹಳೇ ಇಟ್ಟಿಗೆಗೇ ಮೀಸಲಿಡಿ. ನಡುವೆ ಮುಗಿದುಹೋದರೆ ಅಂಗಡಿಯಲ್ಲಿ ಅದೇ ಇಟ್ಟಿಗೆ ಸಿಗುವುದಿಲ್ಲ. ಇಟ್ಟಿಗೆ ಕಾಣುವಂತೆ ಬಿಡುವುದಾದರೆ ವಾರ್ನಿಷ್ ಬಳಿಸಬೇಡಿ. ಗೋಡೆ ಉಸಿರಾಡಬೇಕು, ಒಳಗಿನ ತೇವ ಹೊರಗೆ ಬರಬೇಕು.

ಹಳೇ ಇಟ್ಟಿಗೆಯನ್ನು ಎರಡು ಸೆಂಟಿಮೀಟರ್ ಬಿಲ್ಲೆಗಳಾಗಿ ಕೊಯ್ದು ಹೋಟೆಲು, ಕೆಫೆಗಳ ಗೋಡೆಗೆ ಅಂಟಿಸುವ ಪದ್ಧತಿ ಈಗ ಬಂದಿದೆ. ಒಳ್ಳೇ ಇಟ್ಟಿಗೆಯನ್ನು ಹಾಗೆ ಕೊಯ್ಯುವುದು ನನಗೆ ಒಪ್ಪಿಗೆಯಿಲ್ಲ. ಒಡೆದ ಇಟ್ಟಿಗೆಯಾದರೆ ಅಡ್ಡಿಯಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಂತೂ ಹಳೇ ಇಟ್ಟಿಗೆಗೆ ಬೇಡಿಕೆ ಎಷ್ಟು ಏರಿತೆಂದರೆ, ಕಳ್ಳರು ಖಾಲಿ ಮನೆಗಳಿಗೆ ಬೆಂಕಿ ಇಡುತ್ತಿದ್ದರು. ಅಗ್ನಿಶಾಮಕದವರು ನೀರು ಹಾರಿಸಿದಾಗ ಗಾರೆ ಸಡಿಲವಾಗುತ್ತಿತ್ತು. ಆಮೇಲೆ ಬಂದು ಇಟ್ಟಿಗೆ ಹೊತ್ತೊಯ್ಯುತ್ತಿದ್ದರು.

ಒಡೆದವುಗಳ ಕಥೆ ಏನು? ಮೈಸೂರಿನವರಾದ ನಿಮಗೆ ಉತ್ತರ ಹತ್ತಿರದಲ್ಲೇ ಇದೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ. ಸುಟ್ಟ ಮಣ್ಣಿನ ಪುಡಿಯನ್ನು ಸುಣ್ಣದ ಜೊತೆ ಅರೆದರೆ ಅದು ನೀರಿನಲ್ಲೂ ಗಟ್ಟಿಯಾಗುತ್ತದೆ. ಆಗ ಸಿಮೆಂಟ್ ಹೊರದೇಶದಿಂದ ಬರಬೇಕಿತ್ತು, ಬೆಲೆಯೂ ಜಾಸ್ತಿ. ರೋಮನ್ನರೂ ನೀರಿನ ತೊಟ್ಟಿಗಳಿಗೆ ಇದೇ ಉಪಾಯ ಮಾಡುತ್ತಿದ್ದರು. ಚೆನ್ನಾಗಿ ಬೆಂದ, ಉಪ್ಪಿಲ್ಲದ ಚೂರುಗಳನ್ನು ಜಲ್ಲಿಯ ಗಾತ್ರಕ್ಕೆ ಒಡೆಸಿ, ಸುಣ್ಣದ ಜೊತೆ ಕಲಸಿ ಹೊಸ ತಾರಸಿಯ ಮೇಲೆ ಇಳಿಜಾರು ಪದರ ಹಾಕಿಸಿ. ಅಳಲೆಕಾಯಿ, ಬೆಲ್ಲ ನೆನೆಸಿದ ನೀರು ಹಾಕಿ ಬಡಿಯುವ ಹಳೇ ಕ್ರಮ ಬಲ್ಲವರು ಸಿಕ್ಕರೆ ಬಿಡಬೇಡಿ. ಮನೆ ತಂಪಾಗಿಯೂ ಇರುತ್ತದೆ. ಉಳಿದ ಚೂರು ಅಂಗಳದ ಹಾಸಿನ ಕೆಳಗೆ ಹೋಗಲಿ.

ದೊಡ್ಡಪ್ಪನವರ ಮಾತನ್ನು ಕಡೆಗಣಿಸಬೇಡಿ. ಹಾಗೆ ನಂಬುವ ಹಿರಿಯರು ಬಹಳ ಮನೆಗಳಲ್ಲಿದ್ದಾರೆ. ಯಾರದ್ದೋ ಕಷ್ಟ, ಸಾವುನೋವು ಕಂಡ ಮನೆಯ ಸಾಮಾನು ನಮಗೆ ಬೇಡ ಅನ್ನುವುದು ಅದರ ಹಿಂದಿನ ಭಾವನೆ. ಇಲ್ಲಿ ಇಟ್ಟಿಗೆ ನಿಮ್ಮ ತಾತನವರದ್ದೇ, ನಿವೇಶನವೂ ಅದೇ. ಕೂತು ಮಾತಾಡಿ. ಅವರಿಗೆ ಇನ್ನೂ ಮನಸ್ಸು ಒಪ್ಪದಿದ್ದರೆ ದೇವರಮನೆ, ಮಲಗುವ ಕೋಣೆಗೆ ಹೊಸ ಇಟ್ಟಿಗೆ ಹಾಕಿಸಿ, ಹಳತನ್ನು ಜಗಲಿಗೂ ಕಾಂಪೌಂಡಿಗೂ ಬಳಸಿ. ಅಮ್ಮನಿಗೂ ಸಂಜೆ ಕೂರಲು ಅವರ ಮಾವನ ಮನೆಯ ಇಟ್ಟಿಗೆಯ ಜಗಲಿ ಸಿಗುತ್ತದೆ.

ಹೊಸ ಗೋಡೆಯ ಗಾರೆ ಬಗ್ಗೆ ನನ್ನದೊಂದು ಕೋರಿಕೆ. ಹಳೇ ಇಟ್ಟಿಗೆಯನ್ನು ಗಟ್ಟಿ ಸಿಮೆಂಟ್ ಗಾರೆಯಲ್ಲಿ ಕೂರಿಸಬೇಡಿ. ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು ಸಾಕು. ಮಳೆ ಬೀಳದ ಒಳಗೋಡೆಗೆ ಒಂದಕ್ಕೆ ಎರಡು ಪಾಲು ಸುಣ್ಣ, ಒಂಬತ್ತು ಪಾಲು ಮರಳು ಹಾಕಿದರೂ ನಡೆಯುತ್ತದೆ. ಕಟ್ಟುವ ಮುಂಚೆ ಇಟ್ಟಿಗೆ ಚೆನ್ನಾಗಿ ನೆನೆಯಲಿ. ಇಂಥ ಗಾರೆಯಲ್ಲಿ ಗೋಡೆಗೆ ಸಣ್ಣಪುಟ್ಟ ಅಲುಗಾಟ ತಡೆಯುವ ಗುಣ ಬರುತ್ತದೆ. ನಿಮ್ಮ ಮೊಮ್ಮಕ್ಕಳು ಮುಂದೊಂದು ದಿನ ಬಿಚ್ಚಬೇಕಾಗಿ ಬಂದರೆ ಇದೇ ಇಟ್ಟಿಗೆ ಅವರಿಗೂ ಇಡಿಯಾಗಿ ಸಿಗುತ್ತದೆ.

ಖರ್ಚಿನ ಬಗ್ಗೆ ನಾನು ಇಲ್ಲಿಂದಲೇ ಅಂದಾಜು ಹೇಳುವುದು ಸರಿಯಲ್ಲ. ಹಿತ್ತಿಲ ಕಡೆಯ ಒಂದು ಮೋಟುಗೋಡೆಯಿಂದ 100 ಇಟ್ಟಿಗೆ ತೆಗೆಸಿ ನೋಡಿ. ಎಷ್ಟು ಇಡಿಯಾಗಿ ಬಂದವು, ಎಷ್ಟು ಒಡೆದವು, ಬಿಡಿಸಿ ಚೊಕ್ಕ ಮಾಡಲು ಇಬ್ಬರಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಳ್ಳಿ. 9 ಇಂಚಿನ ಗೋಡೆಯಾದರೆ 100 ಚದರ ಅಡಿಗೆ ಸುಮಾರು 900 ಇಟ್ಟಿಗೆ ಇರುತ್ತದೆ. ಅದರಿಂದ ಇಡೀ ಮನೆಯ ಇಟ್ಟಿಗೆ ಎಷ್ಟು, ಕೂಲಿ ಎಷ್ಟು ಅಂತ ಗುಣಿಸಿ. ಪಕ್ಕದಲ್ಲೇ ಹೊಸ ಇಟ್ಟಿಗೆಯ ಬೆಲೆ, ಜೆಸಿಬಿ ಬಾಡಿಗೆ, ಅವಶೇಷ ಸಾಗಿಸುವ ಲಾರಿ ಬಾಡಿಗೆ ಬರೆಯಿರಿ. ಆ ಹಾಳೆಯನ್ನು ಮೇಸ್ತ್ರಿಯವರ ಮುಂದಿಟ್ಟು ಮಾತಿಗೆ ಕೂರಿ.